ಕೆಟ್ಟಿಲ್ಲದ ಫೋನು, ಲ್ಯಾಪ್‌ಟಾಪು ಬದಲಾಯಿಸಲೇಬೇಕಾ?

ನಿಧಾನಿ:

ಒಂದು ವಿಷಯ ಬಹಳ ದಿನದಿಂದ ತಲೆಯಲ್ಲಿ ಸುತ್ತುತ್ತಿದೆ. ಸ್ವಲ್ಪ ಉದ್ದ ಆಗಬಹುದು, ಓದಿ ಹೇಳಿ.

ನನ್ನದು ಸಣ್ಣ ವ್ಯವಹಾರ. ಜೊತೆಗೆ ಕೆಲಸ ಮಾಡುವ ನಾಲ್ಕಾರು ಜನಕ್ಕೆ ಲ್ಯಾಪ್‌ಟಾಪ್ ಕೊಡಿಸಿದ್ದೇನೆ. ಲೆಕ್ಕಪತ್ರ ನೋಡುವವರು "ಸವಕಳಿ ಎಲ್ಲ ಮುಗಿದಿದೆ, ಪುಸ್ತಕದಲ್ಲಿ ಇವಕ್ಕೆ ಬೆಲೆಯೇ ಇಲ್ಲ, ಬದಲಾಯಿಸಿಬಿಡಿ" ಅನ್ನುತ್ತಾರೆ. ಆದರೆ ಯಂತ್ರಗಳು ಓಡುತ್ತಿವೆ. ಒಂದೆರಡು ನಿಧಾನ, ಅಷ್ಟೇ.

ಮನೆಯಲ್ಲೂ ಇದೇ ಮಾತು. ಮಗಳಿಗೆ ಹೊಸ ಫೋನ್ ಬೇಕು. ಈಗಿರುವುದರಲ್ಲಿ ಸಂಜೆಗೆ ಮುಂಚೆಯೇ ಚಾರ್ಜ್ ಖಾಲಿ, ಕ್ಯಾಮೆರಾ ತೆರೆಯುವಷ್ಟರಲ್ಲಿ ಫೋಟೊ ತೆಗೆಯಬೇಕಾದ ಕ್ಷಣ ಹೋಗಿರುತ್ತದೆ. ಅವಳು ಹೇಳುವುದರಲ್ಲಿ ಸುಳ್ಳೇನಿಲ್ಲ. ಅಪ್ಪನ ಕಥೆ ಇದಕ್ಕೆ ಉಲ್ಟಾ. ಅವರ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತು ಕಾಲವಾಯಿತು, ಬ್ಯಾಂಕಿನ ಆ್ಯಪ್ ಬೇರೆ ಆಗಾಗ ಎಚ್ಚರಿಕೆ ತೋರಿಸುತ್ತದೆ, ಆದರೂ ಅವರಿಗೆ ಅದೇ ಬೇಕು. ಯಾವುದು ಎಲ್ಲಿದೆ ಅಂತ ಅವರ ಬೆರಳಿಗೆ ಗೊತ್ತು, ಹೊಸದು ಕೊಟ್ಟರೆ ಎಲ್ಲ ಮೊದಲಿಂದ ಕಲಿಯಬೇಕು.

ನನಗೆ ವಸ್ತುಗಳನ್ನು ಸುಮ್ನೆ ಎಸೆಯುವುದು ಕಂಡರೆ ನಿಜಕ್ಕೂ ಸಂಕಟ ಆಗುತ್ತದೆ. ನೆಲದಿಂದ ಅಗೆದು ತೆಗೆದ ಲೋಹ, ಯಾರದ್ದೋ ದುಡಿಮೆ, ಎಲ್ಲ ಸೇರಿ ಆದ ವಸ್ತು. ಆದರೆ ಹೆಂಡತಿ ಕೇಳುವ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ: "ನಮ್ಮ ಮನೆಯ ಒಂದು ಫೋನ್ ಇನ್ನೂ ಎರಡು ವರ್ಷ ಬಾಳಿದರೆ ಭೂಮಿಗೆ ಏನು ಲಾಭ? ಮಗು ಪಾಡು ಪಡುವುದು ಮಾತ್ರ ಕಾಣುತ್ತದೆ."

ನಿಜವಾಗಿ ಲಾಭ ಇದೆಯಾ? ಇದ್ದರೆ ಎಷ್ಟು ಕಾಲ ಇಟ್ಟುಕೊಳ್ಳುವುದು ಸರಿ, ಯಾವಾಗ ಅಪಾಯ? ಮನೆಯಲ್ಲಿ ಜಗಳ ಇಲ್ಲದೆ ನೀವು ಇದನ್ನು ಹೇಗೆ ತೀರ್ಮಾನ ಮಾಡುತ್ತೀರಿ?

ಸ್ಕ್ರೂಡ್ರೈವರ್:

ರಿಪೇರಿ ನನ್ನ ಕಸುಬು. ಹಾಗಾಗಿ ಮೊದಲು ಆ ಬದಿಯಿಂದ ಹೇಳುತ್ತೇನೆ.

"ಫೋನ್ ಹಳೇದಾಯ್ತು" ಅಂತ ಬರುವವರಲ್ಲಿ ಬಹಳ ಜನರದ್ದು ಹಳೇದಾಗಿರುವುದು ಬ್ಯಾಟರಿ ಮಾತ್ರ. ಲಿಥಿಯಂ ಅಯಾನ್ ಬ್ಯಾಟರಿ ಪ್ರತಿ ಚಾರ್ಜಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಕೆಲವು ನೂರು ಸಲ ಪೂರ್ತಿ ತುಂಬಿ ಖಾಲಿ ಆಗುವಷ್ಟರಲ್ಲಿ, ಮೊದಲು ಹಿಡಿಯುತ್ತಿದ್ದುದರ 80 ಶೇಕಡದ ಹತ್ತಿರಕ್ಕೆ ಬಂದಿರುತ್ತದೆ. ಆಮೇಲೆ ಇನ್ನೊಂದು ತೊಂದರೆ ಶುರು. ಒಳಗಿನ ರೋಧ, ಅಂದರೆ ಕರೆಂಟ್ ಹರಿಯಲು ಇರುವ ತಡೆ, ಜಾಸ್ತಿ ಆಗಿ, ಕ್ಯಾಮೆರಾ ಅಥವಾ ಗೇಮ್ ತೆರೆದಾಗ ಬೇಕಾಗುವ ಒಮ್ಮೆಲೇ ಜೋರಿನ ಕರೆಂಟ್ ಅದು ಕೊಡಲಾರದು. ವೋಲ್ಟೇಜ್ ಕುಸಿದು ಫೋನ್ ಆಫ್ ಆಗುತ್ತದೆ. ಹಾಗೆ ಆಗದಿರಲಿ ಅಂತ ಕೆಲವು ಫೋನ್‌ಗಳು ತಾವೇ ವೇಗ ಇಳಿಸಿಕೊಳ್ಳುತ್ತವೆ. ಆಪಲ್ ಇದನ್ನು ಮಾಡುತ್ತಿದೆ ಅಂತ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಬಳಸುವವರಿಗೆ ಹೇಳಿರಲಿಲ್ಲ ಅನ್ನುವ ಕಾರಣಕ್ಕೆ ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೊ ದಂಡ ಹಾಕಿತು.

ನಿಮ್ಮ ಮಗಳ ಎರಡೂ ದೂರು ಒಂದೇ ಬೇರಿನದ್ದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ ಫೋನ್ ಆದರೆ ಮೊದಲು ಅದನ್ನು ನೋಡಿ. ಸ್ಟೋರೇಜ್ ತುಂಬಿ ತುಳುಕುತ್ತಿದೆಯಾ ಅಂತಲೂ ನೋಡಿ, ಜಾಗ ಇಲ್ಲದ ಫೋನ್ ಕೂಡ ತೆವಳುತ್ತದೆ. ಇವೆರಡು ಸರಿ ಮಾಡಿದ ಮೇಲೂ ನಿಧಾನ ಇದ್ದರೆ ಆಗ ಹೊಸದರ ಮಾತು.

ಲ್ಯಾಪ್‌ಟಾಪ್ ಇನ್ನೂ ಸುಲಭ. ತಿರುಗುವ ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರ ಆದರೆ ಅದರ ಬದಲು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ವೇಗದ ಡಿಸ್ಕ್) ಹಾಕಿಸಿ, ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ. ಮೆಮೊರಿ ಸೇರಿಸಲು ಜಾಗ ಇದ್ದರೆ ಸೇರಿಸಿ. ಫ್ಯಾನಿನಲ್ಲಿ ಧೂಳು ತುಂಬಿ ಬಿಸಿಯಾಗಿ ನಿಧಾನವಾದ ಯಂತ್ರಗಳನ್ನು ನಾನು ದಿನವೂ ನೋಡುತ್ತೇನೆ.

ನನಗೆ ಸಿಟ್ಟು ಬರುವುದು ಎಲ್ಲಿ ಅಂದರೆ, ಬ್ಯಾಟರಿ ಬದಲಾಯಿಸುವಂಥ ಸಣ್ಣ ಕೆಲಸವನ್ನು ಬೇಕಂತ ಕಷ್ಟ ಮಾಡಿಟ್ಟಿದ್ದಾರೆ. ಹಿಂದೆ ಮುಚ್ಚಳ ಉಗುರಿನಲ್ಲಿ ತೆಗೆದು ಬ್ಯಾಟರಿ ಹಾಕುತ್ತಿದ್ದೆವು, ಅಲ್ವಾ? ಈಗ ಗಾಜನ್ನು ಬಿಸಿ ಮಾಡಿ, ಅಂಟು ಕರಗಿಸಿ, ಒಳಗಿನ ತೆಳು ಪಟ್ಟಿಯಂಥ ತಂತಿ ಕತ್ತರಿಸದಂತೆ ಉಸಿರು ಹಿಡಿದು ತೆಗೆಯಬೇಕು. ನೀರು ಒಳಗೆ ಹೋಗದಿರಲು ಅಂಟು ಬೇಕು ಅನ್ನುತ್ತಾರೆ, ಅದರಲ್ಲಿ ಸ್ವಲ್ಪ ಸತ್ಯ ಇದೆ. ಆದರೆ ಅಸಲಿ ಬಿಡಿಭಾಗ ಹಾಕಿದರೂ ಸಾಫ್ಟ್‌ವೇರ್ "ಗುರುತಿಸಲಾಗದ ಭಾಗ" ಅಂತ ತಕರಾರು ತೆಗೆಯುತ್ತದಲ್ಲ, ಅದಕ್ಕೂ ನೀರಿಗೂ ಸಂಬಂಧ ಇಲ್ಲ. ಅಮೆರಿಕದ ಆರಿಗನ್ ರಾಜ್ಯ ಈ ಚಾಳಿಯನ್ನು ತಡೆಯಲು 2024ರಲ್ಲಿ ಕಾನೂನನ್ನೇ ಮಾಡಿತು. ಯುರೋಪಿನ ಒಕ್ಕೂಟದಲ್ಲಿ 2027ರ ಫೆಬ್ರುವರಿಯಿಂದ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಹಾಕುವಂತಿರಬೇಕು ಅನ್ನುವ ನಿಯಮ ಬರುತ್ತಿದೆ, ಒಂದಷ್ಟು ವಿನಾಯಿತಿಗಳಿವೆ.

ಮಣ್ಣಿನ ಲೆಕ್ಕ:

ನಿಮ್ಮ ಹೆಂಡತಿಯವರ ಪ್ರಶ್ನೆಗೆ ಉತ್ತರ ಕೊಡಲು ನೋಡುತ್ತೇನೆ. ಅದು ಒಳ್ಳೆಯ ಪ್ರಶ್ನೆ, ತಳ್ಳಿಹಾಕಬೇಡಿ.

ಫೋನಿನ ವಿಷಯದಲ್ಲಿ ಹಾನಿಯ ದೊಡ್ಡ ಪಾಲು, ನೀವು ಅದನ್ನು ಮೊದಲ ಸಲ ಆನ್ ಮಾಡುವ ಮುಂಚೆಯೇ ಆಗಿ ಮುಗಿದಿರುತ್ತದೆ. ಆಪಲ್ ತನ್ನ ಐಫೋನ್‌ಗಳ ಬಗ್ಗೆ ಹೊರಡಿಸುವ ಪರಿಸರ ವರದಿಗಳನ್ನೇ ನೋಡಿ, ಒಂದು ಫೋನಿನಿಂದ ಅದರ ಇಡೀ ಆಯಸ್ಸಿನಲ್ಲಿ ಗಾಳಿಗೆ ಸೇರುವ ಇಂಗಾಲದಲ್ಲಿ ಸುಮಾರು 80 ಶೇಕಡ ತಯಾರಿಕೆಯದ್ದು. ಗಣಿ, ಲೋಹ ಶುದ್ಧ ಮಾಡುವುದು, ಅದಕ್ಕಿಂತ ಜಾಸ್ತಿ ಚಿಪ್ ತಯಾರಿಸುವ ಕಾರ್ಖಾನೆಗಳ ವಿದ್ಯುತ್ತು. ಬಳಸುವಾಗ ಫೋನ್ ಕುಡಿಯುವ ಕರೆಂಟ್ ತೀರಾ ಕಡಿಮೆ. ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದರೂ ವರ್ಷಕ್ಕೆ ಹತ್ತು ಯೂನಿಟ್ ದಾಟುವುದಿಲ್ಲ. ಹಾಗಾಗಿ ರಾತ್ರಿ ಚಾರ್ಜರ್ ತೆಗೆದಿಡುವುದಕ್ಕಿಂತ ಫೋನನ್ನು ಒಂದು ವರ್ಷ ಜಾಸ್ತಿ ಬಳಸುವುದು ಎಷ್ಟೋ ದೊಡ್ಡ ಕೆಲಸ. ಮೂರು ವರ್ಷದ ಬದಲು ಆರು ವರ್ಷ ಬಳಸಿದಿರಿ ಅಂದರೆ ಅದೇ ಕಾಲಕ್ಕೆ ಎರಡು ಫೋನ್ ಆಗುವಲ್ಲಿ ಒಂದೇ ಆಯಿತು.

ಆದರೆ ಈ ಲೆಕ್ಕವನ್ನು ಎಲ್ಲದಕ್ಕೂ ಹಚ್ಚಬೇಡಿ. ಹಳೆಯ ಫ್ರಿಜ್, ಏಸಿ ಇಂಥವು ತಯಾರಿಕೆಗಿಂತ ಬಳಕೆಯಲ್ಲೇ ಜಾಸ್ತಿ ನುಂಗುತ್ತವೆ. ಹಗಲು ರಾತ್ರಿ ಓಡುವ ತೀರಾ ಹಳೆಯ ಫ್ರಿಜ್ಜನ್ನು ಅಭಿಮಾನದಿಂದ ಇಟ್ಟುಕೊಂಡರೆ ಲಾಭಕ್ಕಿಂತ ನಷ್ಟವೇ ಜಾಸ್ತಿ ಇರಬಹುದು.

ಇನ್ನು ಎಸೆದ ಮೇಲೆ ಏನಾಗುತ್ತದೆ? ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ ಹುಟ್ಟಿದ ಇಂಥ ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋಗಿದ್ದು ಅಂತ ದಾಖಲೆ ಇರುವುದು 22.3 ಶೇಕಡ. ಉಳಿದಿದ್ದರಲ್ಲಿ ಬಹಳಷ್ಟು ಗುಂಡಿಗೆ, ಇಲ್ಲಾ ಬೆಂಕಿಗೆ, ಇಲ್ಲಾ ಬರಿಗೈಯಲ್ಲಿ ಆಸಿಡ್ ಹಾಕಿ ಲೋಹ ತೆಗೆಯುವ ಬಡವರ ಹತ್ತಿರಕ್ಕೆ. ತಂತಿ ಸುಟ್ಟು ತಾಮ್ರ ತೆಗೆಯುವ ಹೊಗೆಯಲ್ಲಿ ಮಕ್ಕಳು ನಿಂತಿರುತ್ತಾರೆ. ನನಗೆ ಇಂಗಾಲದ ಅಂಕಿಗಿಂತ ಇದೇ ಜಾಸ್ತಿ ಕಾಡುತ್ತದೆ.

ಇನ್ನೊಂದು ಮಾತು. ಆ 6.2 ಕೋಟಿ ಟನ್ನಿನಲ್ಲಿ ಫೋನು, ರೂಟರ್, ಸಣ್ಣ ಕಂಪ್ಯೂಟರ್ ಸಾಮಾನೆಲ್ಲ ಸೇರಿ 50 ಲಕ್ಷ ಟನ್ನಿಗಿಂತ ಕಡಿಮೆ. ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ ಇರುವುದು ಆಟಿಕೆ, ಟ್ರಿಮ್ಮರ್, ಕೆಟಲ್, ಸಣ್ಣ ಸ್ಪೀಕರ್ ಥರದ "ಸಣ್ಣ ಉಪಕರಣ"ಗಳು. ಮನೆಯಲ್ಲಿ ಫೋನ್ ಬಗ್ಗೆ ಮಾತ್ರ ಜಗಳ ನಡೆಯುತ್ತದೆ. ಹುಟ್ಟುಹಬ್ಬಕ್ಕೆ ಬಂದು ವಾರದಲ್ಲಿ ಮೂಲೆ ಸೇರುವ ಬ್ಯಾಟರಿ ಆಟಿಕೆಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ತಕ್ಕಡಿ:

ಮೇಲಿನದ್ದೆಲ್ಲ ಒಪ್ಪುತ್ತೇನೆ. ಆದರೆ ಒಬ್ಬೊಬ್ಬ ಮನೆಯವರ ಮೇಲೆ ಇಷ್ಟು ಭಾರ ಹಾಕುವುದು ನನಗೆ ಸರಿ ಕಾಣುವುದಿಲ್ಲ. ವಸ್ತು ಬೇಗ ಹಾಳಾದರೆ ಯಾರಿಗೆ ದುಡ್ಡು ಬರುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

1924ರಲ್ಲಿ ಓಸ್ರಾಮ್, ಫಿಲಿಪ್ಸ್ ಮುಂತಾದ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಅನ್ನುವ ಕೂಟ ಕಟ್ಟಿಕೊಂಡವು. ಆಗ 1,500 ಗಂಟೆ, 2,000 ಗಂಟೆ ಉರಿಯುತ್ತಿದ್ದ ಬಲ್ಬ್‌ಗಳ ಆಯಸ್ಸನ್ನು 1,000 ಗಂಟೆಗೆ ಇಳಿಸಲು ಮಾತಾಡಿಕೊಂಡವು. ಜಾಸ್ತಿ ಬಾಳುವ ಬಲ್ಬ್ ಮಾಡಿದ ಸದಸ್ಯರಿಗೆ ದಂಡ! ಇದು ಕಟ್ಟುಕಥೆ ಅಲ್ಲ, ದಾಖಲೆ ಇದೆ.

ಈಗಿನ ಉದಾಹರಣೆ ಬೇಕಾದರೆ, ಮೇಲೆ ಹೇಳಿದ ಬ್ಯಾಟರಿ ಗಲಾಟೆಯ ನಂತರ ಆಪಲ್ 2018ರಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. 2019ರ ಜನವರಿಯಲ್ಲಿ ಹೂಡಿಕೆದಾರರಿಗೆ ಬರೆದ ಪತ್ರದಲ್ಲಿ ಹೊಸ ಫೋನ್ ನಿರೀಕ್ಷೆಯಷ್ಟು ಮಾರಾಟ ಆಗದಿರಲು ಕೊಟ್ಟ ಕಾರಣಗಳಲ್ಲಿ ಒಂದು ಇದೇ, ಜನ ಕಡಿಮೆ ದರದಲ್ಲಿ ಬ್ಯಾಟರಿ ಹಾಕಿಸಿಕೊಂಡರು ಅಂತ. ಅಂದರೆ ಬ್ಯಾಟರಿ ಸುಲಭವಾಗಿ ಸಿಕ್ಕರೆ ಜನ ಹಳೆಯ ಫೋನಿನಲ್ಲೇ ನೆಮ್ಮದಿಯಾಗಿರುತ್ತಾರೆ ಅನ್ನುವುದಕ್ಕೆ ಮಾರುವವರ ಬಾಯಿಂದಲೇ ಸಾಕ್ಷಿ ಸಿಕ್ಕಿತು.

ವ್ಯಾಪಾರ ಅಂದರೆ ಹೀಗೇ ಇರಬೇಕು ಅಂತ ಏನೂ ಇಲ್ಲ. ವಿಮಾನದ ಎಂಜಿನ್ ತಗೊಳ್ಳಿ. 1962ರಲ್ಲಿ ಬ್ರಿಸ್ಟಲ್ ಸಿಡ್ಲಿ ಅನ್ನುವ ಬ್ರಿಟನ್ನಿನ ಕಂಪನಿ, ತನ್ನ ವೈಪರ್ ಎಂಜಿನ್ನಿನ ನಿರ್ವಹಣೆಗೆ ಹಾರಿದ ಗಂಟೆಗೆ ಇಷ್ಟು ಅಂತ ದುಡ್ಡು ತಗೊಳ್ಳುವ ಪದ್ಧತಿ ಶುರು ಮಾಡಿತು. ಆಮೇಲೆ ಆ ಕಂಪನಿ ರೋಲ್ಸ್ ರಾಯ್ಸ್‌ಗೆ ಸೇರಿತು, ಪದ್ಧತಿ ಇಂದಿಗೂ ನಡೆದಿದೆ. ಇಲ್ಲಿ ಎಂಜಿನ್ ಕೆಟ್ಟು ನಿಂತರೆ ಮಾಡಿದವರಿಗೇ ನಷ್ಟ. ಹಾಗಾಗಿ ಗಟ್ಟಿಯಾಗಿ ಮಾಡುತ್ತಾರೆ, ಬಿಚ್ಚಿ ಜೋಡಿಸಲು ಸುಲಭ ಮಾಡುತ್ತಾರೆ. ದುಡ್ಡಿನ ದಾರಿ ತಿರುಗಿಸಿದರೆ ಎಂಜಿನಿಯರ್‌ಗಳ ಬುದ್ಧಿಯೂ ಆ ಕಡೆ ತಿರುಗುತ್ತದೆ.

ನಿಧಾನಿ ಅವರೇ, ನಿಮ್ಮ ವ್ಯವಹಾರಕ್ಕೆ ನನ್ನ ಸಲಹೆ. ಸವಕಳಿ ಅನ್ನುವುದು ಲೆಕ್ಕದ ಪುಸ್ತಕದ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು, ಅದರಲ್ಲಿರುವ ಆಯಸ್ಸು ಒಂದು ಅಂದಾಜು, ಯಂತ್ರ ನಿಜಕ್ಕೂ ಎಷ್ಟು ಕಾಲ ಓಡುತ್ತದೆ ಅನ್ನುವುದು ಬೇರೆ. ಪುಸ್ತಕದಲ್ಲಿ ಸೊನ್ನೆ ಆದ ಲ್ಯಾಪ್‌ಟಾಪ್ ಓಡುತ್ತಿದ್ದರೆ ಅದು ನಿಮ್ಮ ಉಳಿತಾಯ. ಆದರೆ ಮೂರು ವಿಷಯ ನೋಡಲೇಬೇಕು: ಅಪ್‌ಡೇಟ್ ಬರುತ್ತಿದೆಯಾ, ಕೆಟ್ಟರೆ ಎಷ್ಟು ಬೇಗ ಸರಿಯಾಗುತ್ತದೆ, ಮತ್ತು ಅದರ ಮುಂದೆ ಕೂರುವವರ ಸಮಯ ಎಷ್ಟು ಹಾಳಾಗುತ್ತಿದೆ. ಮೂರನೆಯದನ್ನು ಮಾಲೀಕರು ಮರೆಯುತ್ತಾರೆ. ಪರಿಸರದ ಹೆಸರಿನಲ್ಲಿ ನೌಕರರು ದಿನಾ ತೊಳಲಾಡುವುದು ನ್ಯಾಯ ಅಲ್ಲ. ಅವರನ್ನೇ ಕೇಳಿ. ಒಂದೆರಡು ಯಂತ್ರ ಜಾಸ್ತಿ ಇಟ್ಟುಕೊಂಡರೆ, ಕೆಟ್ಟಾಗ ಅದನ್ನು ಕೊಟ್ಟು ಇದನ್ನು ರಿಪೇರಿಗೆ ಕಳಿಸಬಹುದು, ಯಾರ ಕೆಲಸವೂ ನಿಲ್ಲುವುದಿಲ್ಲ.

ಬೀಗದಕೈ:

ಸೆಕ್ಯುರಿಟಿ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕಂದರೆ ಮೇಲೆ ಯಾರೂ ಅಪ್ಪನ ಫೋನಿಗೆ ಉತ್ತರ ಕೊಟ್ಟಿಲ್ಲ.

ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ಕೆಲಸ ಬೇಡ. ಇದರಲ್ಲಿ ರಾಜಿ ಇಲ್ಲ. ಹೊಸ ಹೊಸ ದೋಷಗಳು ಪತ್ತೆ ಆಗುತ್ತಲೇ ಇರುತ್ತವೆ, ಹೊಸ ಫೋನ್‌ಗಳಿಗೆ ತೇಪೆ ಹೋಗುತ್ತದೆ. ಹಳೆಯದರಲ್ಲಿ ಅದೇ ತೂತು ಹಾಗೇ ಉಳಿಯುತ್ತದೆ, ಆ ತೂತು ಎಲ್ಲಿದೆ ಅನ್ನುವುದು ಆಗ ಊರಿಗೆಲ್ಲ ಗೊತ್ತಿರುತ್ತದೆ.

ಅಪ್ಪನ ಹತ್ತಿರ ಹಳೆಯ ಫೋನ್ ಕಿತ್ತುಕೊಳ್ಳಬೇಕಿಲ್ಲ. ಬ್ಯಾಂಕ್, ಮುಖ್ಯ ಇಮೇಲ್, ಒಟಿಪಿ ಬರುವ ಸಿಮ್ ಇವನ್ನು ಅಪ್‌ಡೇಟ್ ಬರುವ ಫೋನಿಗೆ ಸಾಗಿಸಿ. ಹಳೆಯದರಲ್ಲಿ ಹಾಡು, ಫೋಟೊ, ವಿಡಿಯೊ ಕಾಲ್ ಇರಲಿ. ಅದೇ ಕಂಪನಿಯ, ಅದೇ ಥರದ ಮೆನು ಇರುವ ಸ್ವಲ್ಪ ಹೊಸ ಫೋನ್ ಕೊಡಿ, ಐಕಾನ್‌ಗಳನ್ನು ಹಳೆಯದರಲ್ಲಿ ಇದ್ದ ಜಾಗದಲ್ಲೇ ಇಡಿ, ಅಕ್ಷರದ ಗಾತ್ರವನ್ನೂ ಅಷ್ಟೇ ಇಡಿ. ಒಂದು ತಿಂಗಳು ಎರಡೂ ಫೋನ್ ಜೊತೆಗಿರಲಿ, ಅವರೇ ನಿಧಾನವಾಗಿ ಹೊಸದಕ್ಕೆ ಬರುತ್ತಾರೆ. ಪಕ್ಕದಲ್ಲಿ ಕೂತು ಒಂದೇ ವಿಷಯವನ್ನು ಬೇಸರ ಇಲ್ಲದೆ ಮತ್ತೆ ಮತ್ತೆ ತೋರಿಸುವವರು ಬೇಕು. ಮನೆಯಲ್ಲಿ ಆ ತಾಳ್ಮೆ ಯಾರಿಗಿದೆಯೋ ಅವರಿಗೆ ವಹಿಸಿ.

ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 10 ಇದ್ದರೆ, ಅದರ ಮಾಮೂಲಿ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 (ಯಂತ್ರದೊಳಗಿನ ಭದ್ರತೆಯ ಏರ್ಪಾಡು) ಮತ್ತು ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಪ್ರೊಸೆಸರ್ ಇರಬೇಕು. ಚೆನ್ನಾಗಿ ಓಡುತ್ತಿರುವ ಎಷ್ಟೋ ಯಂತ್ರ ಇದೊಂದೇ ಕಾರಣಕ್ಕೆ ಹೊರಗುಳಿದವು, ಇದು ನನಗೆ ಬಹಳ ನೋವು ಕೊಟ್ಟ ವಿಷಯ. ಬ್ರೌಸರ್, ಪತ್ರ, ಲೆಕ್ಕದ ಹಾಳೆ ಇಷ್ಟೇ ಕೆಲಸ ಇದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಿ. ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಅದರಲ್ಲಿ ಓಡುತ್ತದಾ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ.

ಮುಂದೆ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನುವ ಮೊದಲು ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳಿ. ಗೂಗಲ್ 2023ರ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷದ ಭರವಸೆ ಕೊಟ್ಟಿವೆ. ಆದರೆ ಈ ವರ್ಷಗಳು ಮಾದರಿ ಬಿಡುಗಡೆ ಆದಾಗಿನಿಂದ ಎಣಿಕೆ, ನೀವು ಕೊಂಡ ದಿನದಿಂದ ಅಲ್ಲ. ಹಳೆಯ ಮಾದರಿ ರಿಯಾಯಿತಿಯಲ್ಲಿ ಸಿಕ್ಕಿತು ಅಂತ ತಗೊಳ್ಳುವವರು ಇದನ್ನು ಗಮನಿಸಬೇಕು.

ಇಬ್ಬರ ಅಮ್ಮ:

ಎಲ್ಲರೂ ಯಂತ್ರದ ಬಗ್ಗೆ ಹೇಳಿದಿರಿ. ಮನೆಯ ಬಗ್ಗೆ ನಾನು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಮೊದಲು ಒಂದು ಪದ್ಧತಿ ಇತ್ತು. ದೊಡ್ಡವರು ಹೊಸದು ತಗೊಂಡಾಗ ಹಳೆಯದು ಮಕ್ಕಳಿಗೆ. ಅದರಲ್ಲಿ ಒಂದು ಅನ್ಯಾಯ ಇದೆ, ಮಕ್ಕಳಿಗೆ ಅದು ಬೇಗ ಕಾಣುತ್ತದೆ. "ಪರಿಸರ ನಮಗೆ ಮಾತ್ರಾನಾ?" ಅಂತ ದೊಡ್ಡ ಮಗ ಕೇಳಿದ. ಅವನು ಕೇಳಿದ್ದು ಸರಿ. ಆಮೇಲೆ ನಿಯಮ ಎಲ್ಲರಿಗೂ ಒಂದೇ ಮಾಡಿದೆವು. ಯಾರದ್ದೇ ಆಗಲಿ, ಮೊದಲು ಬ್ಯಾಟರಿ ಮತ್ತು ರಿಪೇರಿ, ಆಮೇಲೂ ಆಗದಿದ್ದರೆ ಹೊಸದು. ನನ್ನ ಗಂಡನ ಫೋನಿಗೂ ಅದೇ ನಿಯಮ. ಅದಾದ ಮೇಲೆ ಜಗಳ ಎಷ್ಟೋ ತಣ್ಣಗಾಯಿತು, ಯಾಕಂದರೆ ಈಗ ಇದು ಅಪ್ಪ ಅಮ್ಮನ ತೀರ್ಪಲ್ಲ, ಮನೆಯ ಮಾತು.

ಇನ್ನೊಂದು, ಮಗಳು ಕೇಳುತ್ತಿರುವುದು ಏನು ಅನ್ನುವುದನ್ನು ಬಿಡಿಸಿ ನೋಡಿ. ಚಾರ್ಜ್ ನಿಲ್ಲಬೇಕಾ? ಒಳ್ಳೆಯ ಫೋಟೊ ಬೇಕಾ? ಗೆಳತಿಯರ ಹತ್ತಿರ ಇರುವಂಥದ್ದು ಬೇಕಾ? ಮೊದಲನೆಯದಕ್ಕೆ ಬ್ಯಾಟರಿ ಸಾಕು. ಮೂರನೆಯದಕ್ಕೆ ಯಾವ ಫೋನೂ ಸಾಕಾಗುವುದಿಲ್ಲ, ಅದಕ್ಕೆ ಬೇರೆ ಥರ ಮಾತಾಡಬೇಕು, ನಾಚಿಕೆ ಮಾಡಿಸದೆ. ಆ ವಯಸ್ಸಿನಲ್ಲಿ ಜೊತೆಯವರ ಹಾಗೆ ಇರಬೇಕು ಅನ್ನಿಸುವುದು ಸಣ್ಣ ವಿಷಯ ಅಲ್ಲ. ಅದನ್ನು ಗಣಿ, ಕಸ, ಇಂಗಾಲ ಅಂತ ಉಪದೇಶ ಮಾಡಿ ಮುಚ್ಚಬೇಡಿ, ಆ ವಿಷಯವೇ ಅವರಿಗೆ ಬೇಡವಾಗಿ ಹೋಗುತ್ತದೆ.

ಸಾಧ್ಯ ಆದರೆ ರಿಪೇರಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ನನ್ನ ಮಗ ತನ್ನ ಫೋನ್ ಬಿಚ್ಚಿದ್ದನ್ನು ನೋಡಿದ ಮೇಲೆ ಅದನ್ನು ಹಿಡಿಯುವ ರೀತಿಯೇ ಬೇರೆ ಆಯಿತು. ಒಳಗೆ ಎಷ್ಟು ಸೂಕ್ಷ್ಮ ಕೆಲಸ ಇದೆ ಅಂತ ಅವನೇ ತಂಗಿಗೆ ವಿವರಿಸುತ್ತಿದ್ದ.

ನಿಧಾನಿ:

ಇಷ್ಟು ಸಮಯ ಕೊಟ್ಟು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿಗೂ ಓದಿಸಿದೆ. ಫ್ರಿಜ್ ಮತ್ತು ಆಟಿಕೆಯ ಮಾತು ಅವಳಿಗೆ ಹಿಡಿಸಿತು. ಎಲ್ಲರಿಗೂ ಒಂದೇ ನಿಯಮ ಅನ್ನುವುದಕ್ಕೆ ಮಗಳು ತಕ್ಷಣ ಒಪ್ಪಿದಳು, ನನ್ನ ಫೋನನ್ನೂ ಪಟ್ಟಿಗೆ ಸೇರಿಸಿದಳು. ಅವಳ ಫೋನಿನ ಬ್ಯಾಟರಿ ಆರೋಗ್ಯ ನೋಡಿದೆವು, 80ಕ್ಕಿಂತ ಸಾಕಷ್ಟು ಕೆಳಗಿದೆ. ಬ್ಯಾಟರಿ ಹಾಕಿಸುತ್ತೇವೆ. ಅಪ್ಪನಿಗೆ ಬ್ಯಾಂಕಿನ ಕೆಲಸಕ್ಕೆ ಅದೇ ಕಂಪನಿಯ ಬೇರೆ ಫೋನ್ ಹುಡುಕುತ್ತಿದ್ದೇನೆ. ಲ್ಯಾಪ್‌ಟಾಪ್ ವಿಷಯ ನಾಳೆ ಕೆಲಸದವರ ಜೊತೆ ಕೂತು ಮಾತಾಡುತ್ತೇನೆ. ತಕ್ಕಡಿ ಹೇಳಿದ ಮೂರನೆಯ ಅಂಶ ನಾನು ಅವರ ಹತ್ತಿರ ಇನ್ನೂ ಕೇಳಿರಲಿಲ್ಲ.

ಒಂದು ಕೊನೆಯ ಪ್ರಶ್ನೆ ಸ್ಕ್ರೂಡ್ರೈವರ್ ಅವರಿಗೆ. ಮನೆಯ ಡ್ರಾಯರ್‌ನಲ್ಲಿ ಯಾರೂ ಬಳಸದ ಹಳೆಯ ಫೋನ್‌ಗಳಿವೆ. ಇದೇ ಮಾತಿನ ಮೇಲೆ ತೆಗೆದು ನೋಡಿದೆ. ಒಂದರ ಹಿಂಬದಿ ಉಬ್ಬಿ ಅಂಚಿನಲ್ಲಿ ಬಿರುಕು ಬಿಟ್ಟ ಹಾಗಿದೆ. ಚಾರ್ಜ್ ಹಾಕಿ ಡೇಟಾ ತೆಗೆಯಬಹುದಾ?

ಸ್ಕ್ರೂಡ್ರೈವರ್:

ಬೇಡ! ಚಾರ್ಜ್ ಹಾಕಬೇಡಿ. ಒಳಗೆ ಬ್ಯಾಟರಿ ಊದಿಕೊಂಡಿದೆ. ರಾಸಾಯನಿಕ ಕೆಟ್ಟು ಅನಿಲ ತುಂಬಿದೆ. ಒತ್ತಿ ಮುಚ್ಚಲು ನೋಡಬೇಡಿ, ಚುಚ್ಚಬೇಡಿ, ನೀವೇ ಬಿಚ್ಚಲೂ ಬೇಡಿ. ಒಳಗಿನ ಪದರಗಳು ಒಂದಕ್ಕೊಂದು ತಗುಲಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಆನ್ ಆಗಿದ್ದರೆ ಆಫ್ ಮಾಡಿ, ಲೋಹದ ಅಥವಾ ಮಣ್ಣಿನ ಪಾತ್ರೆಯಲ್ಲಿ, ಬಟ್ಟೆ ಕಾಗದದಿಂದ ದೂರ, ಬಿಸಿಲು ಬೀಳದ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಜಾಸ್ತಿ ದಿನ ಇಡಬೇಡಿ. ರಿಪೇರಿಯವರ ಹತ್ತಿರ ತಗೊಂಡು ಹೋಗಿ, ಹೋಗುವಾಗಲೇ "ಬ್ಯಾಟರಿ ಊದಿದೆ" ಅಂತ ಹೇಳಿ. ಊದಿದ್ದನ್ನು ತೆಗೆದು ಬೇರೆ ಬ್ಯಾಟರಿ ಜೋಡಿಸಿದರೆ ಡೇಟಾ ಸಾಮಾನ್ಯವಾಗಿ ಸಿಗುತ್ತದೆ.

ಕಸದ ಬುಟ್ಟಿಗೆ ಮಾತ್ರ ಹಾಕಬೇಡಿ. ಕಸದ ಗಾಡಿಯಲ್ಲಿ ಅದುಮುವಾಗ ಇಂಥ ಬ್ಯಾಟರಿ ಸಿಡಿದು ಬೆಂಕಿ ಆಗುತ್ತದೆ, ಸುಟ್ಟುಕೊಳ್ಳುವವರು ಆ ಗಾಡಿಯಲ್ಲಿ ಕೆಲಸ ಮಾಡುವವರು.

ಉಳಿದ ಫೋನ್‌ಗಳು ಉಬ್ಬಿಲ್ಲದಿದ್ದರೆ ಅರ್ಧ ಚಾರ್ಜ್ ಮಾಡಿ ಡೇಟಾ ತೆಗೆದುಕೊಳ್ಳಿ. ಆಮೇಲೆ ಮೊದಲು ಅಕೌಂಟ್‌ನಿಂದ ಸೈನ್ ಔಟ್ ಮಾಡಿ, ನಂತರ ಫ್ಯಾಕ್ಟರಿ ರೀಸೆಟ್. ಈ ಕ್ರಮ ತಪ್ಪಿದರೆ ಫೋನ್ ನಿಮ್ಮ ಅಕೌಂಟಿಗೇ ಬೀಗ ಬಿದ್ದು ಮುಂದಿನವರಿಗೆ ಉಪಯೋಗಕ್ಕೆ ಬರುವುದಿಲ್ಲ. ಓಡುವಂಥವನ್ನು ಬೇಗ ಯಾರಿಗಾದರೂ ಕೊಟ್ಟುಬಿಡಿ. ಡ್ರಾಯರ್‌ನಲ್ಲಿ ಕೂತಷ್ಟೂ ಬ್ಯಾಟರಿ ಪೂರ್ತಿ ಇಳಿದು ಹಾಳಾಗುತ್ತದೆ, ಅಪ್‌ಡೇಟ್‌ನ ವರ್ಷಗಳೂ ಕಳೆಯುತ್ತವೆ. ಓಡದವನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ, ಉಬ್ಬಿದ್ದನ್ನು ಬೇರೆಯಾಗಿ ತೋರಿಸಿ ಕೊಡಿ.